ಗೋವಾ ಐರನ್‌ಮ್ಯಾನ್‌ಗೆ ಹುರಿದುಂಬಿಸಲು ಹೋಗ್ತಿದ್ದೀವಿ, ಎಲ್ಲಿ ನಿಲ್ಲೋದು?

ಅಕ್ಟೋಬರ್ ಹತ್ತಿರ ಬಂತೆಂದರೆ ಈ ಪ್ರಶ್ನೆ ಶುರು. ಬೆಂಗಳೂರು, ಹುಬ್ಬಳ್ಳಿ, ಬೆಳಗಾವಿ ಕಡೆಯಿಂದ ಗೋವಾದ ಐರನ್‌ಮ್ಯಾನ್ 70.3 ಎಂಬ ಈಜು-ಸೈಕಲ್-ಓಟದ ಸ್ಪರ್ಧೆಗೆ ಹೋಗುವವರ ಹಿಂದೆ ಗೆಳೆಯರ, ಮನೆಯವರ ಒಂದು ದಂಡೇ ಹೊರಡುತ್ತದೆ. ಅವರಿಗೆ ನನ್ನ ಉತ್ತರ ಚಿಕ್ಕದು: ಈಜು ಮತ್ತು ಸೈಕಲ್‌ಗೆ ಸುಮ್ಮನೆ ಹಾಜರಿ ಹಾಕಿ. ಗಂಟಲು, ನೀರು, ಕಾಲಿನ ಶಕ್ತಿ ಎಲ್ಲವನ್ನೂ ಓಟದ ಉತ್ತರಾರ್ಧಕ್ಕೆ ಉಳಿಸಿಕೊಳ್ಳಿ.

ಹೊಸಬರಿಗೆ ಎರಡು ಮಾತು. 2019ರಲ್ಲಿ ಪಣಜಿಯ ಮೀರಾಮಾರ್ ಕಡಲತೀರದಲ್ಲಿ ಆರಂಭವಾದ ಸ್ಪರ್ಧೆ ಇದು. 1.9 ಕಿ.ಮೀ. ಈಜು, 90 ಕಿ.ಮೀ. ಸೈಕಲ್, 21.1 ಕಿ.ಮೀ. ಓಟ. ಒಟ್ಟು 113 ಕಿ.ಮೀ., ಅಂದರೆ 70.3 ಮೈಲಿ. ಈಜಿಗೆ 1 ಗಂಟೆ 10 ನಿಮಿಷ, ಎಲ್ಲ ಮುಗಿಸಲು ಎಂಟೂವರೆ ಗಂಟೆ ಕಟ್‌ಆಫ್, ಅಂದರೆ ಗರಿಷ್ಠ ಸಮಯ. ಎಲ್ಲರನ್ನೂ ಒಟ್ಟಿಗೆ ನೀರಿಗೆ ಬಿಡುವುದಿಲ್ಲ, ಕೆಲಕೆಲವರನ್ನೇ ಸಾಲಾಗಿ ಬಿಡುತ್ತಾರೆ. ನೀರಿಗಿಳಿದ ಕ್ಷಣದಿಂದ ಅವರವರ ಗಡಿಯಾರ ಬೇರೆ. ಹಾಗಾಗಿ ನಿಮ್ಮವರು ಎಷ್ಟು ಗಂಟೆಗೆ ನೀರಿಗಿಳಿದರು ಅನ್ನೋದನ್ನು ಬರೆದಿಟ್ಟುಕೊಳ್ಳಿ. ಉಳಿದ ಲೆಕ್ಕವೆಲ್ಲ ಅದರ ಮೇಲೆ ನಿಂತಿದೆ.

ಲೆಕ್ಕವನ್ನು ಹಿಂದಿನ ರಾತ್ರಿಯೇ ಅವರ ಜೊತೆ ಕೂತು ಮಾಡಿ. ಒಂದು ಮಾದರಿ: 7 ಗಂಟೆಗೆ ನೀರಿಗಿಳಿದು 45 ನಿಮಿಷ ಈಜಿದರೆ 7.45ಕ್ಕೆ ದಡ. ಹೆಲ್ಮೆಟ್, ಶೂ ಹಾಕಿ ಸೈಕಲ್ ಹತ್ತಲು 8 ನಿಮಿಷ, 7.53. ಗಂಟೆಗೆ 27 ಕಿ.ಮೀ. ವೇಗದಲ್ಲಿ 90 ಕಿ.ಮೀ. ಎಂದರೆ 3 ಗಂಟೆ 20 ನಿಮಿಷ, 11.13ಕ್ಕೆ ವಾಪಸ್. 5 ನಿಮಿಷ ಬದಲಾವಣೆಗೆ, 11.18ಕ್ಕೆ ಓಟ ಶುರು. ಕಿಲೋಮೀಟರಿಗೆ 7 ನಿಮಿಷದಂತೆ ಓಡಿದರೆ ಸುಮಾರು 1.46ಕ್ಕೆ ಮುಕ್ತಾಯ. ಓಟ ಪೂರ್ತಿ ಬೀಳುವುದು ನಡುಮಧ್ಯಾಹ್ನಕ್ಕೆ, ಅದೂ ಕರಾವಳಿಯ ಸೆಖೆಯಲ್ಲಿ. ಜನ ಮುರುಟಿ ಹೋಗುವುದು ಅಲ್ಲೇ.

ಈಜಿನಲ್ಲಿ ಯಾರನ್ನೂ ಗುರುತಿಸಲು ಆಗುವುದಿಲ್ಲ. ಟೋಪಿ, ಕನ್ನಡಕ, ತೋಳು, ಎಲ್ಲ ಒಂದೇ ಥರ. ನೀರಿನಿಂದ ಮೇಲೆ ಬರುವ ದಾರಿಯ ಬದಿಯಲ್ಲಿ ನಿಂತು ಒಮ್ಮೆ ಹೆಸರು ಕೂಗಿ, ಸಾಕು. ದೂರದ್ದು ಕಾಣಲು ಕನ್ನಡಕ ಹಾಕುವವರಾದರೆ ಆಗ ಅವರಿಗೆ ನೀವು ಕಾಣುವುದೂ ಇಲ್ಲ, ದನಿಯೊಂದೇ ಗುರುತು. ಮನೆಯಲ್ಲಿ ಕರೆಯುವ ಹೆಸರೇ ವಾಸಿ. ಎಲ್ಲರೂ 'ಕಮಾನ್ ಕಮಾನ್' ಅನ್ನುವ ಕಡೆ 'ಬಾ ಗುರು, ಬಾ!' ಅನ್ನೋದು ದೂರಕ್ಕೇ ಕಿವಿಗೆ ಬೀಳುತ್ತದೆ.

ಸೈಕಲ್‌ನದು ಇನ್ನೂ ಕಡಿಮೆ. ಸಮತಟ್ಟು ರಸ್ತೆಯಲ್ಲಿ ಸೆಕೆಂಡಿಗೆ ಎಂಟು ಮೀಟರ್ ಹೋಗುವವರು ನಿಮ್ಮೆದುರು ಇರುವುದು ಮೂರ್ನಾಲ್ಕು ಸೆಕೆಂಡ್. ಏರು ಇರುವ ಕಡೆ ಅಥವಾ ಯು-ಟರ್ನ್ ಹತ್ತಿರ ನಿಂತರೆ ವೇಗ ಅರ್ಧಕ್ಕಿಳಿದಿರುತ್ತದೆ, ಮುಖ ಕಾಣುತ್ತದೆ. ಫೋಟೋಗಾಗಿ ರಸ್ತೆಗೆ ಕಾಲಿಡಬೇಡಿ. ಬ್ರೇಕ್ ಹಿಡಿದರೂ ಆ ಸೈಕಲ್ ತಕ್ಷಣ ನಿಲ್ಲುವುದಿಲ್ಲ. ಬೆಳಿಗ್ಗೆಯೇ ರಸ್ತೆ ಮುಚ್ಚುತ್ತಾರೆ, ಒಳಗೆ ಸಿಕ್ಕಿಕೊಂಡ ಕಾರು ಮಧ್ಯಾಹ್ನದವರೆಗೆ ಅಲ್ಲೇ. ಕಾರನ್ನು ಮುಚ್ಚುವ ರಸ್ತೆಯ ಹೊರಗೆ ಬಿಟ್ಟು ನಡೆದು ಬನ್ನಿ. ಈ ಮೂರು ಗಂಟೆಯಲ್ಲಿ ತಿಂಡಿ ತಿಂದು ನೆರಳಲ್ಲಿ ಕೂತರೆ ಯಾರೂ ಬೈಯುವುದಿಲ್ಲ.

ಸ್ಪರ್ಧೆಯ ಮೊಬೈಲ್ ಆ್ಯಪ್‌ನಲ್ಲಿ ನಿಮ್ಮವರ ಬಿಬ್ ನಂಬರ್ (ಮೈಮೇಲೆ ಕಟ್ಟಿಕೊಳ್ಳುವ ಸ್ಪರ್ಧಿ ಸಂಖ್ಯೆ) ಹಾಕಿದರೆ ನಕ್ಷೆಯಲ್ಲಿ ಅವರ ಚುಕ್ಕಿ ಓಡುತ್ತದೆ. ಅದನ್ನು ಪೂರ್ತಿ ನಂಬಬೇಡಿ. ಕಾಲಿಗೆ ಕಟ್ಟಿದ ಚಿಪ್ ನೆಲದ ಮ್ಯಾಟ್ ದಾಟಿದಾಗ ಮಾತ್ರ ನಿಜವಾದ ಸಮಯ ದಾಖಲಾಗುತ್ತದೆ, ನಡುವಿನದೆಲ್ಲ ಅಂದಾಜು. ಬರಬೇಕಾದ ಹೊತ್ತಿಗೆ ಬರಲಿಲ್ಲವೆಂದರೆ ಬಹುಪಾಲು ಪಂಕ್ಚರ್, ಹತ್ತು ಹದಿನೈದು ನಿಮಿಷದ ಮಾತು. ಮುಕ್ಕಾಲು ಗಂಟೆ ದಾಟಿದರೆ ಬಿಬ್ ನಂಬರ್ ಹಿಡಿದು ವೈದ್ಯಕೀಯ ಟೆಂಟ್‌ನಲ್ಲಿ ವಿಚಾರಿಸಿ.

ಈಗ ಓಟ. ಮಾರ್ಗ ಸುತ್ತುಗಳಲ್ಲಿ ಇರುವುದರಿಂದ ಒಂದೇ ಜಾಗದಲ್ಲಿ ನಿಂತು ಹಲವು ಸಲ ನೋಡಬಹುದು. ಮುಕ್ತಾಯದ ಗೇಟಿನ ಬಳಿ ಎಲ್ಲರೂ ಇರುತ್ತಾರೆ, ಅಲ್ಲಿ ನಿಮ್ಮ ದನಿ ಬೇಕಾಗಿಲ್ಲ. ಜನರಿಲ್ಲದ ತುದಿಗೆ, ನೀರಿನ ಟೇಬಲ್ ದಾಟಿ ಐನೂರು ಮೀಟರ್ ಆಚೆ ಹೋಗಿ. ಎರಡೆರಡು ಜನ ಹಂಚಿಕೊಂಡು ನಿಂತರೆ ಇನ್ನೂ ಒಳ್ಳೆಯದು. ಜಾಗಟೆ ತನ್ನಿ, ತಮಟೆ ತನ್ನಿ. ಸೀಟಿ ಬೇಡ, ಅದು ಮಾರ್ಷಲ್‌ಗಳ ಸಂಕೇತದ ಜೊತೆ ಕಲಸುತ್ತದೆ. ಬೋರ್ಡ್ ಬರೆದರೆ ಮೂರೇ ಪದ, ಒಂದೊಂದು ಅಕ್ಷರ ಗೇಣುದ್ದ.

ಹದಿನಾಲ್ಕು ಕಿಲೋಮೀಟರ್ ಬಾಕಿ ಇರುವವರಿಗೆ 'ಇನ್ನೇನು ಮುಗೀತು' ಅನ್ನಬೇಡಿ, ಲೆಕ್ಕ ಅವರಿಗೂ ಗೊತ್ತು. 'ಹೇಗಿದ್ದೀಯ?' ಅಂತ ಕೇಳಿದರೆ ಉತ್ತರ ಕೊಡುವ ಕೆಲಸ ಅವರ ತಲೆಗೆ. ನಿಜವಾದ, ಹತ್ತಿರದ ಸಂಗತಿ ಹೇಳಿ: 'ನೀರು ಇನ್ನೂರು ಮೀಟರ್ ಮುಂದಿದೆ', 'ಈ ತಿರುವು ದಾಟಿದರೆ ನೆರಳು'. ರ‍್ಯಾಂಕ್ ಹೇಳಬೇಕೋ ಬೇಡವೋ ಮೊದಲೇ ಕೇಳಿಟ್ಟುಕೊಳ್ಳಿ, ಕೆಲವರಿಗೆ ಅದು ಕೇಳಿದರೆ ಕಾಲೇ ಕುಸಿಯುತ್ತದೆ.

ಪ್ರೀತಿ ಕೆಲಸ ಕೆಡಿಸುವುದು ಇಲ್ಲಿ. ನೀರಿನ ಬಾಟಲಿ, ಬಾಳೆಹಣ್ಣು, ಉಪ್ಪಿನ ಮಾತ್ರೆ ಏನನ್ನೂ ಕೈಗೆ ಕೊಡುವಂತಿಲ್ಲ. ಹೊರಗಿನ ನೆರವು ಪಡೆದರೆ ಶಿಕ್ಷೆ ಓಡುವವರಿಗೆ. ಜೊತೆಗೆ ಓಡುವಂತಿಲ್ಲ, ಮಕ್ಕಳನ್ನು ಎತ್ತಿಕೊಂಡು ಮುಕ್ತಾಯದ ಗೆರೆ ದಾಟುವಂತೆಯೂ ಇಲ್ಲ, ಅದಕ್ಕೆ ಅನರ್ಹತೆ. ಮಗುವಿಗೆ ಬೇಲಿಯಾಚೆಯಿಂದ ಅಪ್ಪನ ಕೈ ತಟ್ಟಲು ಹೇಳಿ. ಆದರೆ ತಡವರಿಸುತ್ತಿದ್ದರೆ, ಮಾತು ತೊದಲಿದರೆ, ಅಷ್ಟು ಸೆಖೆಯಲ್ಲೂ ನಡುಗುತ್ತಿದ್ದರೆ, ನಿಯಮದ ಯೋಚನೆ ಬಿಟ್ಟು ತಕ್ಷಣ ಹತ್ತಿರದ ವಾಲಂಟಿಯರ್‌ಗೆ ಹೇಳಿ. 'ನಾನು ಚೆನ್ನಾಗಿದ್ದೀನಿ' ಎಂಬ ಅವರ ಮಾತು ಆಗ ಲೆಕ್ಕಕ್ಕಿಲ್ಲ.

ನಿಮ್ಮವರು ಮುಗಿಸಿದ ಮೇಲೂ ಸಾಧ್ಯವಾದರೆ ಉಳಿಯಿರಿ. 2024ರಲ್ಲಿ ಬೆಂಗಳೂರು ದಕ್ಷಿಣದ ಸಂಸದ ತೇಜಸ್ವಿ ಸೂರ್ಯ ಇದೇ ಸ್ಪರ್ಧೆಯನ್ನು 8 ಗಂಟೆ 27 ನಿಮಿಷ 32 ಸೆಕೆಂಡಿಗೆ ಮುಗಿಸಿದ್ದರು, ಕಟ್‌ಆಫ್‌ಗೆ ಎರಡೂವರೆ ನಿಮಿಷವೂ ಇರಲಿಲ್ಲ. ಕೊನೆಯ ಅರ್ಧ ಗಂಟೆಯಲ್ಲಿ ಬರುವವರಿಗೇ ದನಿ ಹೆಚ್ಚು ಬೇಕು, ಆ ಹೊತ್ತಿಗೆ ರಸ್ತೆಬದಿ ಖಾಲಿಯಾಗಿರುತ್ತದೆ.

ಮುಗಿಸಿದವರು ಒಳಗಿನ ಆವರಣದಿಂದ ಹೊರಬರಲು ಇಪ್ಪತ್ತು ಮೂವತ್ತು ನಿಮಿಷ ಬೇಕು. ಅವರ ಬಳಿ ಫೋನ್ ಇರುವುದಿಲ್ಲ, ಆದ್ದರಿಂದ ಭೇಟಿಯ ಜಾಗವನ್ನು ಹಿಂದಿನ ದಿನವೇ ನಿಗದಿ ಮಾಡಿ. ಒಣ ಬಟ್ಟೆ, ಚಪ್ಪಲಿ, ಖಾರದ ಏನಾದರೂ ತಿಂಡಿ ಇಟ್ಟುಕೊಂಡಿರಿ. ದಿನವಿಡೀ ಸಿಹಿ ಜೆಲ್ ತಿಂದ ನಾಲಿಗೆಗೆ ಸಿಹಿ ಕಂಡರೆ ಆಗುವುದಿಲ್ಲ. ಸಿಕ್ಕ ಕೂಡಲೇ ಕೂರಿಸಬೇಡಿ, ಹತ್ತು ನಿಮಿಷ ನಡೆಸಿ. ಸೈಕಲ್ ಬಿಡಿಸಿಕೊಳ್ಳಲು ಅವರ ಬಿಬ್, ಕೈಪಟ್ಟಿ ಬೇಕು, ಎಸೆಯಲು ಬಿಡಬೇಡಿ. ಮತ್ತೆ ಕಾರಿನ ಕೀಲಿ ಮಾತ್ರ ಅವರ ಕೈಗೆ ಕೊಡಬೇಡಿ. ಆ ಕಾಲುಗಳಿಗೆ ಘಾಟಿಯಲ್ಲಿ ಕ್ಲಚ್ ಒತ್ತಿದರೆ ಮೀನಖಂಡ ಹಿಡಿದುಕೊಳ್ಳುತ್ತದೆ.