ಅದು ಎಲ್ ಅಲ್ಲ ಸಾರ್, ಐ

ಶನಿವಾರ ರಾತ್ರಿ ಪ್ಯಾಚಿಂಗ್ ಇತ್ತು, ಅಂದರೆ ಸರ್ವರ್‌ಗಳಿಗೆ ಅಪ್‌ಡೇಟ್ ಹಾಕುವ ಕೆಲಸ. ಅದಕ್ಕೆ ಕೊಟ್ಟಿದ್ದ ಸಮಯ, ಅಂದರೆ ಚೇಂಜ್ ವಿಂಡೋ, ರಾತ್ರಿ 1ರಿಂದ 3 ಗಂಟೆಯವರೆಗೆ. ಹನ್ನೊಂದು ಸರ್ವರ್ ಸಲೀಸಾಗಿ ಮುಗಿದವು. ಹನ್ನೆರಡನೆಯದು ರೀಬೂಟ್ ಆದಮೇಲೆ ನೆಟ್‌ವರ್ಕ್‌ಗೇ ಬರಲಿಲ್ಲ. ಇನ್ನು ಕನ್ಸೋಲ್‌ನಿಂದಲೇ, ಅಂದರೆ ಸರ್ವರ್‌ನ ಸ್ವಂತ ಪರದೆಯಿಂದಲೇ, ಒಳಗೆ ಹೋಗಬೇಕು. ಅಲ್ಲಿ ಪೇಸ್ಟ್ ಆಗುವುದಿಲ್ಲ. ರೂಟ್ (ಸರ್ವರ್‌ನ ಮುಖ್ಯ ಅಕೌಂಟ್) ಪಾಸ್‌ವರ್ಡ್ ನೋಡಿಕೊಂಡು ಕೈಯಲ್ಲೇ ಹೊಡೆಯಬೇಕು.

ಹದಿನಾರು ಅಕ್ಷರ. ಮೇಲ್‌ನಲ್ಲಿ ಏರಿಯಲ್ ಫಾಂಟ್‌ನಲ್ಲಿ ಬಂದಿತ್ತು. ಹೊಡೆದೆ, 'ಲಾಗಿನ್ ಇನ್‌ಕರೆಕ್ಟ್'. ಕ್ಯಾಪ್ಸ್ ಲಾಕ್ ನೋಡಿದೆ, ಆಫ್ ಇತ್ತು. ಈ ಸಲ ಒಂದೇ ಬೆರಳಲ್ಲಿ, ಒಂದೊಂದೇ ಅಕ್ಷರ ಗೊಣಗುತ್ತಾ ಹೊಡೆದೆ. ಅದೇ ಉತ್ತರ. ಮೂರನೇ ಸಲಕ್ಕೆ ಅಕೌಂಟ್ ಲಾಕ್. ಹತ್ತು ನಿಮಿಷ ಕಾಯಬೇಕು. ಎಲ್ಲರೂ ಸೇರಿದ್ದ ಬ್ರಿಡ್ಜ್ ಕಾಲ್‌ನಲ್ಲಿ ಮ್ಯಾನೇಜರ್ ಎರಡು ನಿಮಿಷಕ್ಕೊಮ್ಮೆ 'ಎನಿ ಅಪ್‌ಡೇಟ್?'

ಅಷ್ಟರಲ್ಲಿ ನಾನು ತೀರ್ಪು ಕೊಟ್ಟಾಗಿತ್ತು: ಹಿಂದಿನ ಶಿಫ್ಟ್ ಹುಡುಗ ಪಾಸ್‌ವರ್ಡ್ ಬದಲಿಸಿ, ಹೇಳದೆ ಮನೆಗೆ ಹೋಗಿದ್ದಾನೆ. 1.40ಕ್ಕೆ ಎಬ್ಬಿಸಿದೆ. ಬೈದೆ ಕೂಡ. ಪಾಪ, ಅವನು ಪೂರ್ತಿ ಕೇಳಿಸಿಕೊಂಡ.

"ಐದನೇ ಅಕ್ಷರ ಏನ್ ಹೊಡೀತಿದ್ದೀರಾ ಸಾರ್?"

"ಸ್ಮಾಲ್ ಎಲ್."

"ನೋಟ್‌ಪ್ಯಾಡ್‌ಗೆ ಹಾಕಿ, ಫಾಂಟ್ ಕನ್ಸೋಲಾಸ್ ಮಾಡಿ ನೋಡಿ."

ಮಾಡಿದೆ. ಐದನೆಯದರ ತಲೆಗೂ ಕಾಲಿಗೂ ಅಡ್ಡಗೆರೆ ಬಂತು. ಕ್ಯಾಪಿಟಲ್ ಐ! ಒಂಬತ್ತನೆಯದರ ಹೊಟ್ಟೆಯೊಳಗೆ ಓರೆ ಗೆರೆ. ನಾನು ಓ ಅಂದುಕೊಂಡಿದ್ದು ಸೊನ್ನೆ.

ಏರಿಯಲ್‌ನಲ್ಲಿ ಕ್ಯಾಪಿಟಲ್ ಐ, ಸ್ಮಾಲ್ ಎಲ್ ಎರಡೂ ಬರೀ ನೆಟ್ಟಗಿನ ಕಡ್ಡಿ. ಕನ್ನಡಕ ಒರೆಸಿದರೆ ಏನೂ ಪ್ರಯೋಜನವಿಲ್ಲ, ನಾನು ಒರೆಸಿ ನೋಡಿದ್ದೇನೆ. 1996ರಲ್ಲೇ ಮೈಕ್ರೋಸಾಫ್ಟ್ ಪರದೆಗೆ ಅಂತಲೇ ವರ್ಡಾನಾ ಬಿಟ್ಟಿತ್ತು. ಅದರಲ್ಲಿ ಐಗೆ ಅಡ್ಡಗೆರೆ ಇದೆ, ಆದರೆ ಸೊನ್ನೆಗೆ ಗುರುತಿಲ್ಲ. ಓದಲು ಚೆಂದ, ಪಾಸ್‌ವರ್ಡ್‌ಗೆ ಸಾಲದು. ಈಗ ಯಾವ ಫಾಂಟ್ ಬಂದರೂ ಮೊದಲು ಐ, ಎಲ್, ಒಂದು, ಓ, ಸೊನ್ನೆ ಒಂದೇ ಸಾಲಲ್ಲಿ ಹೊಡೆದು ನೋಡುತ್ತೇನೆ. ಪಕ್ಕದಲ್ಲೇ ಆರ್, ಎನ್ ಕೂಡ. ಅವೆರಡು ಅಂಟಿಕೊಂಡರೆ ಎಮ್ ಥರ ಕಾಣುತ್ತೆ. ಕನ್ನಡವೇನು ಕಮ್ಮಿಯಿಲ್ಲ ಬಿಡಿ, ಸಣ್ಣ ಸೈಜಿನಲ್ಲಿ ಘ ಯಾವುದು ಫ ಯಾವುದು ಅಂತ ಹೇಳಿ ನೋಡೋಣ.

ಎಡವಟ್ಟಿನ ಮೂಲ ಕಾರಣ ಹೇಳುವ ವರದಿಯಲ್ಲಿ (ಆರ್‌ಸಿಎ) 'ಫಾಂಟ್' ಅಂತ ಬರೆದೆ. ಕ್ಲೈಂಟ್ ನಗುತ್ತಾರೆ ಅಂತ ಮ್ಯಾನೇಜರ್ ಅದನ್ನು ಅಳಿಸಿ 'ಹ್ಯೂಮನ್ ಎರರ್' ಮಾಡಿದರು. ಆ ಹ್ಯೂಮನ್ ನಾನೇ. ಮೇಲ್ ಟೆಂಪ್ಲೇಟ್ ಬದಲಿಸಿ ಅಂದರೆ ಬ್ರ್ಯಾಂಡಿಂಗ್‌ನವರು ಒಪ್ಪಬೇಕಂತೆ. ಸೋಮವಾರ ಹುಡುಗನಿಗೆ ಸಾರಿ ಹೇಳಿ ಮಸಾಲೆ ದೋಸೆ ಕೊಡಿಸಿದೆ. ಎರಡು ತಿಂದ.