ಆಚೆಮನೆ ಹೆಗಡೇರ ಲೈಟು

ಮಾಲೀಕರಿಗೆ ಬೇಕಾಗಿದ್ದು ಗಾಜಿನ ಮಾಡು. ಹಾಸಿಗೆಯಲ್ಲಿ ಅಂಗಾತ ಮಲಗಿದರೆ ನಕ್ಷತ್ರ ಕಾಣಬೇಕು. ಮೊಬೈಲಲ್ಲಿ ಎಲ್ಲೋ ನೋಡಿದ್ದರಂತೆ. ಶಿರಸಿ–ಕುಮಟಾ ರಸ್ತೆಯಿಂದ ಒಳಗೆ, ಬೆಟ್ಟದ ಇಳಿಜಾರಲ್ಲಿ, ನಕ್ಷತ್ರ ನೋಡಲು ಬರುವವರು ತಂಗಲಿಕ್ಕೆ ನಾಲ್ಕೇ ಕೋಣೆಯ ಕೆಲಸ ಅದು, ನಾನು ಸೈಟ್ ಇಂಜಿನಿಯರ್. ಆ ಗಾಜಿನ ಮಾತಲ್ಲೇ ಎಷ್ಟು ಸೈಟ್ ಮೀಟಿಂಗ್ ಹಾಳಾದವೋ ಲೆಕ್ಕವಿಲ್ಲ. ಮಳೆಗಾಲ ಪೂರ್ತಿ ಹೇಗೂ ಆಕಾಶ ಇಲ್ಲ, ಮೇಲೆ ಪಾಚಿ, ಸೊಪ್ಪು ಸದೆ, ಮಂಗನ ಕಾಟ. ಚಳಿಗಾಲದ ಸ್ವಚ್ಛ ರಾತ್ರಿಯಲ್ಲಿ ಗಾಜು ಗಾಳಿಗಿಂತ ಬೇಗ ತಣಿದು ಅದರ ಮೇಲೇ ಇಬ್ಬನಿ ಕೂರುತ್ತದೆ, ನಕ್ಷತ್ರ ಬೇಕಾದ ಹೊತ್ತಿಗೇ ಕುರುಡು. ಕೊನೆಗೆ ಬಿಒಕ್ಯೂದಲ್ಲಿ, ಅಂದರೆ ಸಾಮಾನು-ಕೆಲಸದ ಲೆಕ್ಕಪಟ್ಟಿಯಲ್ಲಿ, ಗಾಜಿನ ರೇಟು ನೋಡಿದ ಮೇಲೆ ಅವರೇ ಸುಮ್ಮನಾದರು, ನನ್ನ ಮಾತಿಗಲ್ಲ.

ಚಿರೆಕಲ್ಲಿನ ಗೋಡೆ, ಹೆಂಚಿನ ಮಾಡು, ಬಚ್ಚಲ ನೀರು ಬಾಳೆಗೆ. ಇದರಲ್ಲಿ ಹೊಸದೇನೂ ಇಲ್ಲ. ಆಕಾಶ ನೋಡಲಿಕ್ಕೆ ಹೊರಗೆ ಒಂದು ಅಟ್ಟ, ಅಡಿಕೆ ಒಣಗಿಸುವ ಅಟ್ಟದ ಹಾಗೇ, ಅಡಿಕೆ ಮರ ಸೀಳಿದ ದಬ್ಬೆ ಹಾಸಿದ್ದು. ಸ್ಲ್ಯಾಬ್ ಹಾಕಿದ್ದರೆ ಹಗಲಿನ ಬಿಸಿಲು ಕುಡಿದು ರಾತ್ರಿಯೆಲ್ಲ ಬಿಸಿ ಬಿಡುತ್ತಿತ್ತು, ಆ ಬಿಸಿಗಾಳಿಗೆ ಟೆಲಿಸ್ಕೋಪಿನಲ್ಲಿ ಗುರು ಗ್ರಹ ನೀರಲ್ಲಿ ಬಿದ್ದ ಹಾಗೆ ಅಲುಗುತ್ತದೆ. ದಬ್ಬೆ ಬೇಗ ತಣಿಯುತ್ತದೆ. ಆದರೆ ಒಬ್ಬರು ನಡೆದರೆ ಇಡೀ ಅಟ್ಟ ನಡುಗುತ್ತದೆ, ಅದಕ್ಕೇ ಟೆಲಿಸ್ಕೋಪಿಗೆ ನೆಲದಿಂದಲೇ ಬೇರೆ ಚಿರೆಕಲ್ಲಿನ ಕಟ್ಟೆ, ಅಟ್ಟಕ್ಕೂ ಅದಕ್ಕೂ ಎರಡು ಬೆರಳು ಸಂದು. ಅಟ್ಟದ ಮುಖ ದಕ್ಷಿಣಕ್ಕೆ. ಧ್ರುವ ನಕ್ಷತ್ರ ಕಾಣಲಿ ಎಂದು ಮಾಲೀಕರು ಉತ್ತರಕ್ಕೆ ಹೇಳಿದ್ದರು. ನಮ್ಮ ಕಡೆ ಅದು ದಿಗಂತದಿಂದ ಸುಮಾರು 15 ಡಿಗ್ರಿಯಷ್ಟೇ ಮೇಲಿರುತ್ತದೆ, ಎದುರಿಗೆ ತೋಟ ಇದ್ದರೆ ಮುಗಿಯಿತು. ದಕ್ಷಿಣಕ್ಕಾದರೆ ಅಗಸ್ತ್ಯ ನಕ್ಷತ್ರ 22 ಡಿಗ್ರಿಗೂ ಮೇಲೆ ಏರುತ್ತದೆ.

ನಮ್ಮ ಜಾಗದ ಲೈಟುಗಳೂ ಸರಿಯಾಗಿಯೇ ಇದ್ದವು. ದಾರಿಗೆ ಮೊಣಕಾಲೆತ್ತರದ ಫಿಟಿಂಗು, ಮೇಲೆ ಮುಚ್ಚಿದ್ದು, 2200 ಕೆಲ್ವಿನ್, ಅಂದರೆ ಹಳದಿ ಬೆಳಕು. ಮೆಟ್ಟಿಲಿಗೆ ಲೈಟೇ ಇಲ್ಲ, ಅಂಚಿಗೆ ಸುಣ್ಣದ ಪಟ್ಟಿ ಎಳೆಸಿದ್ದೆ. ಶಿರಸಿ ಪೇಟೆಯಲ್ಲಿ ಹಳದಿ ಬಲ್ಬು ಕೇಳಿದರೆ ‘ಮದುವೆ ಮಂಟಪಕ್ಕಾ?’ ಅನ್ನುತ್ತಿದ್ದರು, ಇರಲಿ.

ಸೈಟ್ ಸರ್ವೆ ಮಾಡಿದ್ದು ದೀಪಾವಳಿಗೆ ಮುಂಚೆ. ಸುತ್ತ ಕಗ್ಗತ್ತಲೆ. ಎಸ್‌ಕ್ಯೂಎಂ ಮೀಟರು, ಅಂದರೆ ಆಕಾಶದ ಕತ್ತಲೆ ಅಳೆಯುವ ಯಂತ್ರ, 21ಕ್ಕಿಂತ ಮೇಲೆ ತೋರಿಸಿತು, ಅಂದರೆ ಒಳ್ಳೇ ಕತ್ತಲೆ, ಫೋಟೋ ತೆಗೆದು ಆಫೀಸಿಗೆ ಕಳಿಸಿದೆವು, ಎಲ್ಲರೂ ಖುಷಿ.

ಟ್ರಯಲ್ ಇಟ್ಟಿದ್ದು ಡಿಸೆಂಬರ್ ಅಮಾವಾಸ್ಯೆಗೆ. ಹುಬ್ಬಳ್ಳಿಯಿಂದ ಹತ್ತು ಹನ್ನೆರಡು ಜನ, ಟೆಲಿಸ್ಕೋಪ್ ಹಿಡಿಯಲು ಒಬ್ಬ ಮೇಷ್ಟ್ರು. ಊಟ ಮುಗಿಸಿ, ಮೊಬೈಲ್ ಒಳಗಿಡಿಸಿ, ಅರ್ಧ ಗಂಟೆ ಕತ್ತಲಲ್ಲಿ ಕೂರಿಸಿದ್ದೆವು. ಕಣ್ಣು ಪಳಗಲಿಕ್ಕೆ ಅಷ್ಟು ಬೇಕೇ ಬೇಕು. ಮೇಷ್ಟ್ರು ಮಹಾವ್ಯಾಧ (ಓರಿಯನ್) ನಕ್ಷತ್ರಪುಂಜದ ಕತ್ತಿಯ ಕಡೆ ಟೆಲಿಸ್ಕೋಪ್ ತಿರುಗಿಸಿ ಮೊದಲನೆಯವರನ್ನು ಕರೆದರು. ಅಷ್ಟರಲ್ಲಿ ಕಣಿವೆಯ ಆಚೆ ಒಂದು ಫ್ಲಡ್‌ಲೈಟು ಪಟ್ಟನೆ ಹೊತ್ತಿತು. ಬೆಳ್ಳಗೆ, ನೇರ ನಮ್ಮ ಮುಖಕ್ಕೆ. ಅಟ್ಟದ ಮೇಲೆ ಎಲ್ಲರ ನೆರಳೂ ಬಿತ್ತು.

‘ಹತ್ತು ನಿಮಿಷ, ಆರಿಸ್ತಾರೆ’ ಅಂದೆ. ಯಾಕೆ ಹಾಗಂದೆನೋ. ಹತ್ತು ನಿಮಿಷ ಹೋಯಿತು, ಇಪ್ಪತ್ತು ಹೋಯಿತು. ಒಬ್ಬರು ಒಳಗೆ ಹೋಗಿ ಮೊಬೈಲ್ ತಂದರು, ಅವರನ್ನು ನೋಡಿ ಮತ್ತೊಬ್ಬರು. ಮಾಲೀಕರು ನನ್ನ ಕಡೆ ನೋಡಲಿಲ್ಲ, ಅದು ಬೈಗುಳಕ್ಕಿಂತ ಜಾಸ್ತಿ. ಆಫೀಸಿಗೆ ಫೋನ್ ಮಾಡಿದರೆ, ‘ಮೀಟರ್ ಎಷ್ಟು ತೋರಿಸ್ತಿದೆ?’ ಮೀಟರ್ ಹೆಚ್ಚೂಕಡಿಮೆ ಮೊದಲಿನಷ್ಟೇ ತೋರಿಸುತ್ತಿತ್ತು! ಅದು ನೋಡುವುದು ನೆತ್ತಿಯ ಮೇಲಿನ ಒಂದಿಷ್ಟು ಆಕಾಶ, ಪಕ್ಕದಿಂದ ಕಣ್ಣಿಗೆ ಚುಚ್ಚುವ ಬೆಳಕು ಅದರ ಲೆಕ್ಕಕ್ಕೇ ಬರುವುದಿಲ್ಲ. ‘ರೀಡಿಂಗ್ ಸರಿ ಇದೆಯಲ್ಲ, ಮತ್ತೇನು ಪ್ರಾಬ್ಲಮ್?’ ಅಂದರು. ಬೆಂಗಳೂರಲ್ಲಿ ಕೂತವರಿಗೆ ಏನು ಹೇಳುವುದು.

ಟಾರ್ಚ್ ಹಿಡಿದು ತೋಟ ಇಳಿದು, ಸಂಕ (ಕಾಲುಸೇತುವೆ) ದಾಟಿ ಹೋದೆ. ಜಗಳ ಮಾಡುವ ತಯಾರಿಯಲ್ಲೇ ಹೋಗಿದ್ದು. ಆಚೆಮನೆ ಹೆಗಡೇರ ಅಂಗಳದಲ್ಲಿ ನೋಡಿದರೆ ಏಳೆಂಟು ಜನ ಸಾಲಾಗಿ ಅಡಿಕೆ ಸುಲಿಯುವ ಮೆಟ್ಟುಗತ್ತಿ ಹಾಕಿ ಕೂತಿದ್ದಾರೆ, ಹೊಸಗೊನೆಯ ರಾಶಿ ಆಳೆತ್ತರ. ಆಚೆ ಹಂಡೆಯಲ್ಲಿ ಅಡಿಕೆ ಬೇಯುತ್ತಿದೆ, ಹೊಗೆಯೂ ಹಬೆಯೂ ಆ ಬಿಳಿ ಬೆಳಕಲ್ಲಿ ಗೋಡೆಯಂತೆ ನಿಂತಿದೆ. ಸುಲಿಯುವವರ ಕೂಲಿ ಸುಲಿದ ಅಡಿಕೆಯ ಲೆಕ್ಕದ ಮೇಲೆ. ಅವರ ಮುಂದೆ ನಿಂತು ‘ಲೈಟ್ ಆರಿಸಿ’ ಅನ್ನುವುದು ಹೇಗೆ?

‘ಬಾ ತಮಾ, ಆಸರಿಗೆ ಬೇಕನ?’ ಅಂದರು ಹೆಗಡೇರು, ಕುಡಿಯಲಿಕ್ಕೆ ಏನಾದರೂ ಬೇಕಾ ಅಂತ. ವಿಷಯ ಹೇಳಿದೆ. ಅವರ ಅಟ್ಟದ ಮೇಲೆ ತಾಡಪಾಲು ಮುಚ್ಚಿದ್ದ ಅಡಿಕೆ ತೋರಿಸಿ, ‘ಲೈಟ್ ಬಂದ್ ಮಾಡಿರೆ ಇದನ್ನ ಯಾರು ಕಾಯ್ತ? ನಿಂಗ್ಳ ನಕ್ಷತ್ರನ?’

ನವೆಂಬರಿಂದ ಫೆಬ್ರವರಿ, ಮಾರ್ಚ್‌ವರೆಗೆ ನಮಗೆ ಆಕಾಶದ ಸೀಸನ್, ಅವರಿಗೆ ಅಡಿಕೆ ಕೊನೆಕೊಯ್ಲಿನ ಸೀಸನ್. ಶಿರಸಿಯಲ್ಲೇ ಹುಟ್ಟಿ ಬೆಳೆದ ನಾನು ಇದನ್ನು ಸರ್ವೆ ಫಾರ್ಮಿನಲ್ಲಿ ಬರೆಯದೆ ಹೋದೆನಲ್ಲ, ಅದು ಈಗಲೂ ಚುಚ್ಚುತ್ತದೆ.

ವಾಪಸ್ ಬರುವ ಮುಂಚೆ ಒಂದು ವಿಷಯ ಕಣ್ಣಿಗೆ ಬಿತ್ತು. ಫ್ಲಡ್‌ಲೈಟು ಮನೆ ಗೋಡೆಗೆ ಅಡ್ಡಕ್ಕೆ ಹೊಡೆದಿದ್ದು, 50 ವ್ಯಾಟಿಂದು. ಸುಲಿಯುವವರು ಅದಕ್ಕೆ ಬೆನ್ನು ಹಾಕಿ ಕೂತಿದ್ದರು. ಪ್ರತಿಯೊಬ್ಬರ ಕೈಯ ನೆರಳು ಸರಿಯಾಗಿ ಕತ್ತಿಯ ಬಾಯಿಯ ಮೇಲೇ. ಒಬ್ಬ ಅಮ್ಮ ಅಡಿಕೆಯನ್ನು ಬೆಳಕಿಗೆ ಹಿಡಿದು ನೋಡಿ ಆಮೇಲೆ ಕತ್ತಿಗೆ ಒತ್ತುತ್ತಿದ್ದರು.

ಮಾರನೇ ದಿನ ಜಿಐ ಶೀಟಿನ ಟೊಪ್ಪಿ ಮಾಡಿಸಿದೆ, ಒಳಗೆ ಬಿಳಿ ಬಣ್ಣ. ಅಂಗಳದ ನಡುವೆ ಕಂಬ ನಿಲ್ಲಿಸಿ ನೇರ ಕೆಳಕ್ಕೆ ಮುಖ ಮಾಡಿ 20 ವ್ಯಾಟಿನ ಹಳದಿ ಬಲ್ಬು. ಆಕಾಶಕ್ಕೂ ನಮ್ಮ ಅಟ್ಟಕ್ಕೂ ಹೋಗುತ್ತಿದ್ದ ಬೆಳಕೆಲ್ಲ ಅಡಿಕೆ ಮೇಲೇ ಬಿದ್ದಿತು. ಹೆಗಡೇರ ಅಡಿಕೆ ಅಟ್ಟದ ಕಾವಲಿಗೆ ಹಾಕಿದ ಸೆನ್ಸರ್ ಲೈಟು ಮಾತ್ರ ದಂಡ. ನಾಯಿ ಹೋದರೂ ಹೊತ್ತುತ್ತಿತ್ತು, ತೆಗೆಸಿ ಅಲ್ಲಿಗೂ ಟೊಪ್ಪಿಯ ಬಲ್ಬನ್ನೇ ಹಾಕಿದೆವು. ನಕ್ಷತ್ರಕ್ಕಾಗಿ ಹೆಗಡೇರು ಒಪ್ಪಿದ್ದಲ್ಲ. ಕರೆಂಟ್ ಬಿಲ್ಲಿಗೂ ಸುಲಿಯುವವರ ಕೈಗೂ ಅನುಕೂಲ ಅಂತ ಒಪ್ಪಿದ್ದು. ಹದಿನೈದು ದಿನಕ್ಕೆ ಕೊಟ್ಟಿಗೆಗೂ ಒಂದು ಬೇಕು ಅಂದರು.

ಮಾಲೀಕರು ಈಗ ಸರ್ಟಿಫಿಕೇಟಿನ ಹಿಂದೆ ಬಿದ್ದಿದ್ದಾರೆ. ಮಹಾರಾಷ್ಟ್ರದ ಪೆಂಚ್‌ಗೆ 2024ರಲ್ಲಿ ಡಾರ್ಕ್ ಸ್ಕೈ ಪಾರ್ಕ್, ಅಂದರೆ ರಾತ್ರಿಯ ಕತ್ತಲೆ ಕಾಪಾಡಿದ ಜಾಗ, ಅಂತ ಸಿಕ್ಕಿತಲ್ಲ, ನಮಗೂ ಒಂದು ಬೋರ್ಡು ಬೇಕಂತೆ. ಅಲ್ಲಿ ಸುತ್ತಲ ಹಳ್ಳಿಗಳ ಬೀದಿದೀಪಗಳನ್ನೇ ನೆಲಕ್ಕೆ ಮುಖ ಮಾಡಿಸಿದ್ದಾರೆ ಎಂದು ಹೇಳಿದೆ. ಹೂಂ ಅಂದರು. ಹೆಗಡೇರ ಟೊಪ್ಪಿಯ ಬಿಲ್ಲು ಎಕ್ಸ್‌ಟ್ರಾ ಐಟಂನಲ್ಲಿ ಹಾಕಿದ್ದು ಇನ್ನೂ ಪಾಸಾಗಿಲ್ಲ. ‘ನಮ್ಮ ಬೇಲಿಯಿಂದ ಹೊರಗಿನ ಕೆಲಸ’ ಅಂತ ಆಫೀಸು ವಾಪಸ್ ಕಳಿಸಿದೆ. ಹೊನ್ನಾವರ ಕಡೆಯ ಹೊಸ ಸೈಟಿನ ಎಸ್ಟಿಮೇಟಿನಲ್ಲಿ ‘ಆಚೆಮನೆ ದೀಪ’ ಅಂತ ಒಂದು ಸಾಲು ಮೊದಲೇ ಸೇರಿಸಿದ್ದೇನೆ, ಯಾರೂ ಇನ್ನೂ ಗಮನಿಸಿಲ್ಲ.