ಬುದ್ಧನ ಮುಂದೆ ಬಿಚ್ಚಿದ ಶೂ

ಮೊನ್ನೆ ಭಾನುವಾರ ಬೆಳಗ್ಗಿಂದ ಮಳೆ. ಮನೇಲಿದ್ದರೆ ಮಗಳು ಮೊಬೈಲ್ ಬಿಡಲ್ಲ ಅಂತ ಬರ್ಮಿಂಗ್‌ಹ್ಯಾಮ್ ಮ್ಯೂಸಿಯಂ ಅಂಡ್ ಆರ್ಟ್ ಗ್ಯಾಲರಿಗೆ ಕರಕೊಂಡು ಹೋದೆ. 1885ರಲ್ಲಿ ಶುರುವಾದದ್ದು, ಟಿಕೆಟ್ ಇಲ್ಲ. ಕೈಗಾರಿಕೆಯ ಲಾಭದಿಂದ ಕಲೆ ಬೆಳೆಸುತ್ತೇವೆ ಅಂತ ಕಲ್ಲಲ್ಲಿ ಕೆತ್ತಿಸಿಕೊಂಡಿದ್ದಾರೆ. ಕೋಲಾರದವಳಿಗೆ ನಗು ಬರದೆ ಇರುತ್ತಾ? ನಮ್ಮ ಕಡೆ ನೂರಿಪ್ಪತ್ತು ವರ್ಷ ಚಿನ್ನ ತೆಗೆದರು. ಉಳಿದದ್ದು ಚಿನ್ನ ತೆಗೆದು ಬಿಸಾಕಿದ ಸೈನೈಡ್ ಮಣ್ಣಿನ ದಿಬ್ಬ.

ಈ ಊರಲ್ಲೇ ಹುಟ್ಟಿದ ಬರ್ನ್-ಜೋನ್ಸ್ ಚಿತ್ರಗಳನ್ನು ನೋಡೋಕೆ ದೂರದಿಂದೆಲ್ಲ ಬರ್ತಾರೆ. ಮಗಳು ಆಕಳಿಸಿದಳು. ಆಮೇಲೆ ಸುಲ್ತಾನ್‌ಗಂಜ್ ಬುದ್ಧ ಕಂಡ. ತಾಮ್ರದ ಮೂರ್ತಿ, ಎತ್ತರ 2.3 ಮೀಟರ್, ತೂಕ 500 ಕಿಲೋ. ಹೆದರಬೇಡ ಅನ್ನೋ ಹಾಗೆ ಬಲಗೈ ಎತ್ತಿ ನಿಂತಿದ್ದಾನೆ. 1861ರಲ್ಲಿ ಬಿಹಾರದಲ್ಲಿ ರೈಲಿನ ಕೆಲಸಕ್ಕೆ ನೆಲ ಅಗೆಯುವಾಗ ಸಿಕ್ಕವನು. ಇಲ್ಲಿ ಮೇಯರ್ ಆಗಿದ್ದ ಸ್ಯಾಮುಯೆಲ್ ಥಾರ್ನ್‌ಟನ್ 200 ಪೌಂಡ್ ಖರ್ಚು ಮಾಡಿ ಹಡಗಲ್ಲಿ ತರಿಸಿಕೊಂಡ.

ನಾನು ಬೋರ್ಡ್ ಓದಿ ತಿರುಗುವಷ್ಟರಲ್ಲಿ ಮಗಳು ಒಂದು ಶೂ ಬಿಚ್ಚಿ, ಇನ್ನೊಂದರ ಲೇಸ್ ಎಳೀತಾ ಕೂತಿದ್ದಳು. ಗಾರ್ಡ್ ನೋಡ್ತಿದ್ದಾನೆ. ಬೇಡ ಪುಟ್ಟಿ, ಇದು ಗುಡಿ ಅಲ್ಲ ಅಂದೆ.

“ಹಾಗಾದ್ರೆ ಇವರಿಗೆ ಊಟ ಯಾರು ಇಡ್ತಾರೆ ಅಮ್ಮಾ?”

ನಮ್ಮದನ್ನೆಲ್ಲ ಹೊತ್ತುಕೊಂಡು ಬಂದರು ಅಂತ ಒಳಗೇ ಕುದೀತಿದ್ದೆ. ಈ ಪ್ರಶ್ನೆಗೆ ಬಾಯಿ ಕಟ್ಟಿತು. ಯಾಕಂದ್ರೆ ನೆನಪಾದದ್ದು ಮುಳಬಾಗಿಲ ಹತ್ತಿರದ ನಮ್ಮ ಹಳ್ಳಿಯ ವೀರಗಲ್ಲು. ಕೆಳಗಡೆ ಬಿಲ್ಲು ಹಿಡಿದವನು, ಅವನ ಪಕ್ಕ ಹಸುಗಳು, ಮೇಲುಗಡೆ ಅವನನ್ನೇ ಕೈಹಿಡಿದು ಸ್ವರ್ಗಕ್ಕೆ ಕರಕೊಂಡು ಹೋಗ್ತಿರೋ ಇಬ್ಬರು ಹೆಂಗಸರು. ಊರ ದನ ಬಿಡಿಸೋಕೆ ಹೋಗಿ ಸತ್ತವನು. ಅಜ್ಜಿ ಬದುಕಿರೋವರೆಗೂ ಹಬ್ಬಕ್ಕೆ ಅರಿಶಿನ ಬಳಿದು ಒಂದು ಮುದ್ದೆ ಇಟ್ಟು ಬರ್ತಿದ್ದಳು. ಹಸುವಿನ ಮುಖ ಮಾತ್ರ ಸವೆದು ನುಣ್ಣಗಾಗಿತ್ತು, ನಾವು ಮಕ್ಕಳೆಲ್ಲ ಅಲ್ಲೇ ಕಾಲಿಟ್ಟು ಹತ್ತಿ ಹುಣಸೆಕಾಯಿ ಕೀಳ್ತಿದ್ವಿ. ಆ ಕಲ್ಲಿಗೆ ಬೋರ್ಡೂ ಇಲ್ಲ, ಗಾರ್ಡೂ ಇಲ್ಲ. ಆ ಬುದ್ಧ ನಮ್ಮೂರಲ್ಲಿ ಸಿಕ್ಕಿದ್ದರೆ ಹಂಡೆ ಆಗ್ತಿದ್ದನೋ ಏನೋ.

ರಾತ್ರಿ ಅಮ್ಮನಿಗೆ ವಿಡಿಯೋ ಕಾಲ್ ಮಾಡಿ, ಕಲ್ಲು ಹೇಗಿದೆ ತೋರಿಸಮ್ಮ ಅಂದೆ.

“ಯಾವ ಕಲ್ಲೇ? ಓ ಅದಾ. ರಸ್ತೆ ಅಗಲ ಮಾಡುವಾಗ ಪಕ್ಕಕ್ಕೆ ಎಳೆದು ಹಾಕಿದ್ರು. ಅಂಗಾತ ಬಿದ್ದಿದೆ, ಮೇಲೆ ಯಾರೋ ಗೊಬ್ಬರದ ಮೂಟೆ ಪೇರಿಸಿದ್ದಾರೆ. ರಾಗಿ ಬಿತ್ತನೆ ಮುಗೀಲಿ ತಡಿ, ಎತ್ತಿಸ್ತೀನಿ.”